ವಂಶಾವಳಿಗೆ ಮೂರು ಸಾಕ್ಷಿಗಳು

ತನ್ನ ಹಿರಿಯರು ಯಾರು, ಅವರು ಎಲ್ಲಿಂದ ಬಂದರು ಎಂದು ತಿಳಿಯುವ ಹಂಬಲ ಮಾನವನಿಗೆ ಸಹಜವಾದುದು. ಕನ್ನಡ ನಾಡಿನ ತಾಮ್ರಪಟಗಳನ್ನು ನೋಡಿದರೆ, ದತ್ತಿಯ ವಿವರಕ್ಕೆ ಬರುವ ಮುನ್ನ ದಾನಿಯ ವಂಶಪ್ರಶಸ್ತಿ ಮೊದಲಾಗುತ್ತದೆ. ಕಲ್ಯಾಣದ ಚಾಳುಕ್ಯರ ಶಾಸನಗಳು ಆ ವಂಶದ 59 ಮಂದಿ ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳಿ, ಅನಂತರವೇ ದಕ್ಷಿಣಾಪಥಕ್ಕೆ ಬರುತ್ತವೆ. ಹೊಯ್ಸಳರು ತಮ್ಮನ್ನು ಯದುವಂಶಕ್ಕೆ ಸೇರಿಸಿಕೊಂಡರು. ಇತಿಹಾಸಕಾರರು ಇಂಥ ಹೇಳಿಕೆಗಳನ್ನು ಯಥಾವತ್ತಾಗಿ ಒಪ್ಪುವುದಿಲ್ಲ. ಬರೆದವನು ಯಾರು, ಯಾರ ಆಶ್ರಯದಲ್ಲಿದ್ದು ಬರೆದನು, ಯಾವ ಉದ್ದೇಶದಿಂದ ಬರೆದನು ಎಂಬುದನ್ನು ಒರೆಗೆ ಹಚ್ಚಿಯೇ ಸ್ವೀಕರಿಸುತ್ತಾರೆ. ಬರಹವೆಂಬ ಮಾತ್ರಕ್ಕೆ ಅದು ಪ್ರಮಾಣವಾಗದು.

ಬರಹವನ್ನು ಕಾಣದ ಮನೆತನಗಳಿಗೂ ವಂಶಾವಳಿಯುಂಟು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಎತ್ತನ್ನೇರಿ ಬರುವ ಹೆಳವರು ಒಕ್ಕಲು ಮನೆಗಳ ಮುಂದೆ ನಿಂತು, ಆ ಮನೆಯ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಕಾಳುಕಡಿಯನ್ನು ಪಡೆದು ಹೋಗುವುದು ಬಹುಕಾಲದಿಂದ ಬಂದ ಪದ್ಧತಿ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳಲ್ಲಿಯೂ ಹೆಳವರನ್ನು ಹಳ್ಳಿಗಳ ಇತಿಹಾಸವನ್ನು ಕಾಪಾಡಿಕೊಂಡು ಬಂದವರೆಂದು ವರ್ಣಿಸಲಾಗಿದೆ. ಓದುಬರಹ ಬಲ್ಲವರು ಬಾಯಿಮಾತನ್ನು ಸಂಶಯದಿಂದ ಕಾಣುವುದು ವಾಡಿಕೆ. ಆದರೆ ಬಾಯಿಮಾತಿನಲ್ಲಿ ಉಳಿದ ಸತ್ಯವನ್ನು ಬರಹವೇ ಮರೆಮಾಚಿದ ನಿದರ್ಶನಗಳೂ ಇತಿಹಾಸದಲ್ಲಿ ಇವೆ.

ಬರಹ ಮತ್ತು ಬಾಯಿಮಾತು ಎಂಬ ಈ ಎರಡು ಸಾಕ್ಷಿಗಳಿಗೆ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮೂರನೆಯದೊಂದು ಸೇರಿತು. ಅದು ಮನುಷ್ಯನ ಜೀವಕೋಶದಲ್ಲಿಯೇ ಅಡಗಿರುವ ಡಿ.ಎನ್.ಎ. ಎಂಬ ಸಾಕ್ಷಿ. ಈ ಮೂರೂ ಒಂದೇ ಪ್ರಶ್ನೆಯ ಮುಂದೆ ನಿಂತಾಗ ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ವಿಚಾರಿಸಲು ಅಮೆರಿಕದ ಹೆಮಿಂಗ್ಸ್ ಮನೆತನದ ಇತಿಹಾಸಕ್ಕಿಂತ ಉತ್ತಮವಾದ ಉದಾಹರಣೆ ವಿರಳ.

ಯಜಮಾನನ ಲೆಕ್ಕದ ಪುಸ್ತಕ

ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು 1776ರಲ್ಲಿ ರಚಿಸಿದ ಥಾಮಸ್ ಜೆಫರ್ಸನ್ 1801ರಿಂದ 1809ರವರೆಗೆ ಆ ದೇಶದ ಮೂರನೆಯ ಅಧ್ಯಕ್ಷನಾಗಿದ್ದನು. ಮಾನವರೆಲ್ಲರೂ ಹುಟ್ಟಿನಿಂದ ಸಮಾನರೆಂದು ಸಾರಿದ ಈ ಮಹನೀಯನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನೆಂಬುದು ಅವನ ಚರಿತ್ರೆಯ ದೊಡ್ಡ ವಿರೋಧಾಭಾಸ. ವರ್ಜೀನಿಯ ಪ್ರಾಂತದ ಮಾಂಟಿಸೆಲೊ ಎಂಬ ಗುಡ್ಡದ ಮೇಲೆ ಅವನ ಮನೆಯಿತ್ತು. 1773ರಲ್ಲಿ ಅವನ ಮಾವ ಜಾನ್ ವೇಲ್ಸ್ ತೀರಿಕೊಂಡಾಗ ಜಮೀನಿನೊಡನೆ ಗುಲಾಮರೂ ಪಾಲಿಗೆ ಬಂದರು. ಅವರಲ್ಲಿ ಎಲಿಜಬೆತ್ ಹೆಮಿಂಗ್ಸ್ ಎಂಬವಳೂ ಅವಳ ಮಕ್ಕಳೂ ಇದ್ದರು. ಆ ಮಕ್ಕಳಲ್ಲಿ ಕಿರಿಯವಳು ಅದೇ ವರ್ಷ ಹುಟ್ಟಿದ ಸ್ಯಾಲಿ. ಹೆಮಿಂಗ್ಸ್ ಮನೆತನದ ಕಥನದ ಪ್ರಕಾರ ಸ್ಯಾಲಿಯ ತಂದೆ ವೇಲ್ಸನೇ. ಎಂದರೆ ಆ ಕೂಸು ಜೆಫರ್ಸನ್ನನ ಹೆಂಡತಿಗೆ ಮಲತಂಗಿ, ಜೆಫರ್ಸನ್ನನಿಗೆ ನಾದಿನಿ. ಆದರೂ ಅವನ ಆಸ್ತಿ.

ಈ ವಿಚಿತ್ರಕ್ಕೆ ಆಧಾರವಾದುದು 1662ರಲ್ಲಿ ವರ್ಜೀನಿಯದಲ್ಲಿ ಜಾರಿಗೆ ಬಂದ ಒಂದು ಕಾನೂನು. ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದು ಎಂದು ಅದು ವಿಧಿಸಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ತಂದೆ ಯಾರೆಂಬುದು ಕಾನೂನಿಗೆ ಬೇಡವಾದ ಸಂಗತಿ. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಮಗನು ತಂದೆಯ ಹೆಸರನ್ನೂ ಸ್ಥಾನವನ್ನೂ ಪಡೆಯುತ್ತಿದ್ದನು. ಅದನ್ನು ಗುಲಾಮರ ಮಟ್ಟಿಗೆ ಮಾತ್ರ ತಲೆಕೆಳಗು ಮಾಡಿದ್ದರಿಂದ ಒಡೆಯರಿಗೆ ಎರಡು ಬಗೆಯ ಅನುಕೂಲವಾಯಿತು. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ತಮ್ಮ ಮಕ್ಕಳಿಗೆ ಅವರು ಹೊಣೆಯಾಗಬೇಕಾಗಿರಲಿಲ್ಲ. ಆ ಮಕ್ಕಳು ಅವರ ಸೊತ್ತಿಗೆ ಸೇರ್ಪಡೆಯೂ ಆಗುತ್ತಿದ್ದರು.

ಜೆಫರ್ಸನ್ನನು ತನ್ನ ಬೇಸಾಯದ ಲೆಕ್ಕಪತ್ರಗಳನ್ನು ತಾನೇ ಬರೆದಿಟ್ಟುಕೊಳ್ಳುತ್ತಿದ್ದನು. 'ಫಾರ್ಮ್ ಬುಕ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಹೊತ್ತಗೆಯಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಅವರಿಗೆ ಹಂಚಿದ ಬಟ್ಟೆ, ಕಂಬಳಿ ಮತ್ತು ಆಹಾರಗಳ ಲೆಕ್ಕವೆಲ್ಲ ಇದೆ. ಸ್ಯಾಲಿಯ ಮಕ್ಕಳಲ್ಲಿ ಬದುಕಿ ಉಳಿದ ನಾಲ್ವರ ಹೆಸರುಗಳೂ ಅದರಲ್ಲಿವೆ: 1798ರಲ್ಲಿ ಹುಟ್ಟಿದ ಬೆವರ್ಲಿ, 1801ರಲ್ಲಿ ಹುಟ್ಟಿದ ಹ್ಯಾರಿಯೆಟ್, 1805ರಲ್ಲಿ ಹುಟ್ಟಿದ ಮ್ಯಾಡಿಸನ್, 1808ರಲ್ಲಿ ಹುಟ್ಟಿದ ಎಸ್ಟನ್. ತಾಯಿಯ ಹೆಸರಿನ ಕೆಳಗೆ ಮಕ್ಕಳನ್ನು ಬರೆಯಲಾಗಿದೆ, ತಂದೆಯ ಹೆಸರಿಲ್ಲ. ವಂಶಾವಳಿಯ ಸಂಶೋಧಕನಿಗೆ ಇಲ್ಲಿ ಸಿಗುವುದು ಅರ್ಧ ದಾಖಲೆ. ಉಳಿದರ್ಧವನ್ನು ಬರೆಯತಕ್ಕ ಲೇಖನಿ ಯಾರ ಕೈಯಲ್ಲಿತ್ತೋ ಅವನು ಬರೆಯಲಿಲ್ಲ.

1802ರಲ್ಲಿ ಕ್ಯಾಲೆಂಡರ್ ಎಂಬ ಪತ್ರಕರ್ತನು, ಅಧ್ಯಕ್ಷನಿಗೆ ಸ್ಯಾಲಿ ಎಂಬ ಗುಲಾಮಳಲ್ಲಿ ಮಕ್ಕಳಿದ್ದಾರೆಂದು ರಿಚ್ಮಂಡ್ ನಗರದ ಪತ್ರಿಕೆಯೊಂದರಲ್ಲಿ ಬರೆದನು. ಬರೆದವನಿಗೆ ಜೆಫರ್ಸನ್ನನ ಮೇಲೆ ವೈಯಕ್ತಿಕ ದ್ವೇಷವಿದ್ದುದರಿಂದ ಆ ಮಾತನ್ನು ರಾಜಕೀಯ ಅಪಪ್ರಚಾರವೆಂದು ತಳ್ಳಿಹಾಕುವುದು ಅನೇಕರಿಗೆ ಸುಲಭವಾಯಿತು. ಜೆಫರ್ಸನ್ನನು ಬಹಿರಂಗವಾಗಿ ಉತ್ತರ ಕೊಡಲಿಲ್ಲ. 1826ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಮೊಮ್ಮಕ್ಕಳು ಒಂದು ವಿವರಣೆಯನ್ನು ಮುಂದಿಟ್ಟರು. ಸ್ಯಾಲಿಯ ಮಕ್ಕಳಿಗೆ ಜೆಫರ್ಸನ್ನನ ಹೋಲಿಕೆ ಇತ್ತೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಆ ಮಕ್ಕಳ ತಂದೆ ತಮ್ಮ ಅಜ್ಜನಲ್ಲ, ಅಜ್ಜನ ಸೋದರಳಿಯನೆಂದರು. ಮೊಮ್ಮಗನು ಪೀಟರ್ ಕಾರ್ ಎಂಬವನನ್ನು ಹೆಸರಿಸಿದರೆ, ಮೊಮ್ಮಗಳು ಅವನ ಸಹೋದರ ಸ್ಯಾಮ್ಯುಯೆಲ್ ಕಾರ್‌ನತ್ತ ಬೆರಳು ತೋರಿಸಿದಳು. ಇಬ್ಬರ ಮಾತಿಗೂ ಹೊಂದಿಕೆಯಿರಲಿಲ್ಲ. ಆದರೂ ಗೌರವಸ್ಥ ಮನೆತನದ ಮಾತೆಂದು ಜೀವನಚರಿತ್ರಕಾರರು ಈ ವಿವರಣೆಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಒಪ್ಪಿಕೊಂಡು ಬಂದರು.

ಮ್ಯಾಡಿಸನ್ ಹೇಳಿದ ವಂಶಕಥನ

ಇದಕ್ಕೆ ಪ್ರತಿಯಾಗಿ ಇನ್ನೊಂದು ಸಾಕ್ಷ್ಯವಿತ್ತು. ಬಿಡುಗಡೆ ಹೊಂದಿ ಒಹಾಯೊ ಪ್ರಾಂತಕ್ಕೆ ಹೋಗಿ ನೆಲಸಿದ್ದ ಮ್ಯಾಡಿಸನ್ ಹೆಮಿಂಗ್ಸ್ ತನ್ನ 68ನೆಯ ವಯಸ್ಸಿನಲ್ಲಿ ತನ್ನ ಕುಲದ ಕಥೆಯನ್ನು ಹೇಳಿದನು. ಅದು 1873ರ ಮಾರ್ಚ್ 13ರಂದು ಅಲ್ಲಿಯ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಕಥನದ ರಚನೆ ಗಮನಾರ್ಹವಾದುದು. ಅವನು ತನ್ನಿಂದ ಆರಂಭಿಸುವುದಿಲ್ಲ. ಮೂಲದಿಂದ, ಎಂದರೆ ಆಫ್ರಿಕದಿಂದ ಬಂದ ಮುತ್ತಜ್ಜಿಯಿಂದಲೂ ಅವಳಲ್ಲಿ ಮಗಳನ್ನು ಪಡೆದ ಹೆಮಿಂಗ್ಸ್ ಎಂಬ ಇಂಗ್ಲಿಷ್ ಹಡಗಿನ ಕಪ್ತಾನನಿಂದಲೂ ಮೊದಲುಮಾಡುತ್ತಾನೆ. ಕಪ್ತಾನನು ಮಗುವನ್ನು ಕೊಂಡುಕೊಳ್ಳಲು ಬಂದರೂ ಒಡೆಯನು ಮಾರಲೊಪ್ಪಲಿಲ್ಲವೆಂದು ಹೇಳಿ, ಆ ಮಗುವೇ ತನ್ನ ಅಜ್ಜಿ ಎಲಿಜಬೆತ್ ಎನ್ನುತ್ತಾನೆ. ಅನಂತರ ತಾಯಿ ಸ್ಯಾಲಿಯ ಕಥೆ ಬರುತ್ತದೆ. ಹೆಳವನು ಮನೆಯ ಮುಂದೆ ನಿಂತು ಬೇರಿನಿಂದ ಚಿಗುರಿಗೆ ಬರುವಂತೆ ಇಲ್ಲಿಯೂ ತಲೆಮಾರುಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಭೇದವಿಷ್ಟೇ: ಇಲ್ಲಿ ಹೇಳುವವನು ಬೇರೊಬ್ಬರ ವಂಶವನ್ನಲ್ಲ, ತನ್ನದನ್ನೇ ಹೇಳುತ್ತಿದ್ದಾನೆ.

ಅವನ ಕಥನದ ಸಾರ ಹೀಗಿದೆ. ಜೆಫರ್ಸನ್ನನು ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ, 1787ರಲ್ಲಿ, ಅವನ ಕಿರಿಯ ಮಗಳ ಜೊತೆಗೆ ಸ್ಯಾಲಿಯನ್ನು ಪ್ಯಾರಿಸ್ಸಿಗೆ ಕಳುಹಿಸಲಾಯಿತು. ಆಗ ಅವಳಿಗೆ 14 ವರ್ಷ. ಜೆಫರ್ಸನ್ನನಿಗೆ 44, ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಫ್ರಾನ್ಸಿನ ನೆಲದಲ್ಲಿ ಗುಲಾಮರು ನ್ಯಾಯಾಲಯದ ಮೂಲಕ ಸ್ವಾತಂತ್ರ್ಯವನ್ನು ಕೇಳಿ ಪಡೆಯಲು ಅವಕಾಶವಿತ್ತು. 1789ರಲ್ಲಿ ಊರಿಗೆ ಹಿಂದಿರುಗುವ ಹೊತ್ತಿಗೆ ಗರ್ಭಿಣಿಯಾಗಿದ್ದ ಸ್ಯಾಲಿ ಮರಳಿ ಬರಲು ನಿರಾಕರಿಸಿದಳು. ಅವಳಿಗೆ ಹುಟ್ಟುವ ಮಕ್ಕಳನ್ನು 21ನೆಯ ವಯಸ್ಸಿನಲ್ಲಿ ಬಿಡುಗಡೆ ಮಾಡುವುದಾಗಿ ಜೆಫರ್ಸನ್ನನು ಮಾತು ಕೊಟ್ಟ ಮೇಲೆಯೇ ಅವಳು ಒಪ್ಪಿದಳು. ಒಡೆಯನ ಆಸ್ತಿಯಾಗಿದ್ದ ಹುಡುಗಿಯೊಬ್ಬಳ ಕೈಯಲ್ಲಿದ್ದ ಒಂದೇ ಒಂದು ಬಲ ಅದು; ಅದನ್ನು ಅವಳು ತನಗಾಗಿ ಬಳಸದೆ ಮಕ್ಕಳಿಗಾಗಿ ಬಳಸಿದಳು.

ಈ ಮಾತು ನಡೆದ ಬಗೆಯನ್ನು ಜೆಫರ್ಸನ್ನನ ಕಾಗದಪತ್ರಗಳೇ ತಿಳಿಸುತ್ತವೆ. 1822ರಲ್ಲಿ ಬೆವರ್ಲಿ ಮತ್ತು ಹ್ಯಾರಿಯೆಟ್ ಮಾಂಟಿಸೆಲೊವನ್ನು ಬಿಟ್ಟು ಹೋದರು. ಅವರನ್ನು ಹುಡುಕಿ ತರಲು ಯಾರನ್ನೂ ಕಳುಹಿಸಲಿಲ್ಲ. ಮ್ಯಾಡಿಸನ್ ಮತ್ತು ಎಸ್ಟನ್ 1826ರ ಉಯಿಲಿನ ಮೂಲಕ ಬಿಡುಗಡೆ ಹೊಂದಿದರು. ಮಾಂಟಿಸೆಲೊದ ಗುಲಾಮ ಕುಟುಂಬಗಳಲ್ಲಿ ಮಕ್ಕಳೆಲ್ಲರೂ ಹೀಗೆ ಬಿಡುಗಡೆ ಪಡೆದುದು ಸ್ಯಾಲಿಯ ಕುಟುಂಬವೊಂದೇ. ಉಳಿದವರ ಗತಿಯನ್ನು ನೋಡಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ: ಜೆಫರ್ಸನ್ನನ ಸಾಲ ತೀರಿಸುವುದಕ್ಕಾಗಿ 1827ರ ಜನವರಿಯಲ್ಲಿ 130 ಮಂದಿ ಗುಲಾಮರನ್ನು ಹರಾಜಿಗೆ ಇಡಲಾಯಿತು.

1870ರ ಜನಗಣತಿಯ ಕಾಲಕ್ಕೆ ಒಹಾಯೊದ ರಾಸ್ ಕೌಂಟಿಯಲ್ಲಿ ಎಣಿಕೆಗೆ ಬಂದ ಅಧಿಕಾರಿಯು ಮ್ಯಾಡಿಸನ್ನನ ಹೆಸರಿನ ಪಕ್ಕದಲ್ಲಿ, ಇವನು ಥಾಮಸ್ ಜೆಫರ್ಸನ್ನನ ಮಗನೆಂದು ಟಿಪ್ಪಣಿ ಬರೆದುಕೊಂಡನು. ನೆರೆಹೊರೆಗೆ ಈ ಸಂಗತಿ ತಿಳಿದಿತ್ತೆಂಬುದಕ್ಕೆ ಇದೊಂದು ಸಾಕ್ಷಿ. ಆದರೆ ವಿದ್ವತ್ ಪ್ರಪಂಚ ಮ್ಯಾಡಿಸನ್ನನ ಮಾತನ್ನು ಕೇಳಲು ಸಿದ್ಧವಿರಲಿಲ್ಲ. ದೊಡ್ಡವರ ಹೆಸರಿಗೆ ತನ್ನನ್ನು ಅಂಟಿಸಿಕೊಳ್ಳುವ ಬಡವನ ಹೆಮ್ಮೆಯೆಂದು ಅದನ್ನು ಕಡೆಗಣಿಸಲಾಯಿತು. 1968ರಲ್ಲಿ ವಿನ್ತ್ರಾಪ್ ಜೋರ್ಡನ್ ಎಂಬ ಇತಿಹಾಸಕಾರರು, ಸ್ಯಾಲಿಯ ಮಕ್ಕಳ ಪ್ರತಿಯೊಂದು ಜನನಕ್ಕೂ ಒಂಬತ್ತು ತಿಂಗಳ ಹಿಂದೆ ಜೆಫರ್ಸನ್ನನು ಮಾಂಟಿಸೆಲೊದಲ್ಲಿಯೇ ಇದ್ದನೆಂಬುದನ್ನು ಗುರುತಿಸಿದರು. 1974ರಲ್ಲಿ ಫಾನ್ ಬ್ರೋಡಿಯವರ ಜೀವನಚರಿತ್ರೆ ಈ ಸಂಬಂಧವನ್ನು ನಿಜವೆಂದೇ ಪ್ರತಿಪಾದಿಸಿತು. 1997ರಲ್ಲಿ ಅನೆಟ್ ಗಾರ್ಡನ್-ರೀಡ್ ಅವರು ತಮ್ಮ ಗ್ರಂಥದಲ್ಲಿ ಇನ್ನೂ ಮೂಲಭೂತವಾದ ಪ್ರಶ್ನೆಯನ್ನೆತ್ತಿದರು. ಬಿಳಿಯ ಮೊಮ್ಮಕ್ಕಳ ಮಾತನ್ನು ಪರೀಕ್ಷಿಸದೆಯೇ ಒಪ್ಪಿದ ವಿದ್ವಾಂಸರು ಕರಿಯ ಮಗನ ಮಾತನ್ನು ಪರೀಕ್ಷಿಸದೆಯೇ ತಳ್ಳಿದ್ದೇಕೆ ಎಂಬುದೇ ಆ ಪ್ರಶ್ನೆ.

ರಕ್ತದ ಪರೀಕ್ಷೆ

ಗ್ರಂಥ ಪ್ರಕಟವಾದ ಮರುವರ್ಷವೇ ಮೂರನೆಯ ಸಾಕ್ಷಿ ಮಾತನಾಡಿತು. ಅದನ್ನು ತಿಳಿಯಲು ಡಿ.ಎನ್.ಎ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿದು ಬರುವ ಕ್ರಮವನ್ನು ಅರಿಯಬೇಕು. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಇವುಗಳಲ್ಲಿ 22 ಜೊತೆಗಳು ಪ್ರತಿ ತಲೆಮಾರಿನಲ್ಲಿಯೂ ಬೆರೆತು, ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಹೀಗಾಗಿ ದೂರದ ಒಬ್ಬ ಪೂರ್ವಿಕನ ಅಂಶ ತಲೆಮಾರು ಕಳೆದಂತೆ ಸವೆಯುತ್ತ ಹೋಗುತ್ತದೆ. ಗಂಡಿನಲ್ಲಿ ಮಾತ್ರ ಇರುವ ವೈ ಎಂಬ ವರ್ಣತಂತುವಾದರೋ ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಬದಲಾಗದೆ ಇಳಿಯುತ್ತದೆ. ಮೈಟೋಕಾಂಡ್ರಿಯ ಎಂಬ ಕೋಶಾಂಗದ ಡಿ.ಎನ್.ಎ. ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ವೈ ವರ್ಣತಂತುವಿನಲ್ಲಿ ಬಹಳ ಅಪರೂಪಕ್ಕೆ ಸಣ್ಣ ಉತ್ಪರಿವರ್ತನೆಗಳಾಗುತ್ತವೆ. ಆ ಗುರುತುಗಳನ್ನು ಹೋಲಿಸಿ ಇಬ್ಬರು ಗಂಡಸರು ಒಂದೇ ಗಂಡುಸಂತತಿಗೆ ಸೇರಿದವರೇ ಎಂದು ಹೇಳಬಹುದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. 1662ರ ಕಾನೂನು ತಾಯಿಯ ಕಡೆಯನ್ನು ಮಾತ್ರ ಬರೆಸಿ ತಂದೆಯ ಕಡೆಯನ್ನು ಅಳಿಸಿತ್ತು. ವೈ ವರ್ಣತಂತು ತಂದೆಯ ಕಡೆಯನ್ನು ಮಾತ್ರ ತಿಳಿಸುತ್ತದೆ. ಕಾನೂನು ಯಾವುದನ್ನು ಬಿಟ್ಟಿತೋ ಅದನ್ನೇ ದೇಹವು ಬರೆದಿಟ್ಟುಕೊಂಡಿತ್ತು.

ಆದರೆ ಪರೀಕ್ಷೆ ಅಷ್ಟು ಸುಲಭವಾಗಿರಲಿಲ್ಲ. ಜೆಫರ್ಸನ್ನನಿಗೆ ಹೆಂಡತಿಯಲ್ಲಿ ಹುಟ್ಟಿ ದೊಡ್ಡವರಾದವರು ಹೆಣ್ಣುಮಕ್ಕಳು ಮಾತ್ರ, ಗಂಡುಸಂತತಿ ಉಳಿಯಲಿಲ್ಲ. ಆದುದರಿಂದ ಅವನ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ನನ ಗಂಡುಸಂತತಿಯನ್ನು ಹುಡುಕಬೇಕಾಯಿತು. ವಂಶಾವಳಿಯ ಕಾಗದಪತ್ರಗಳ ನೆರವಿಲ್ಲದೆ ಇದು ಅಸಾಧ್ಯವಾಗಿತ್ತು. ಯುಜೀನ್ ಫಾಸ್ಟರ್ ಎಂಬ ನಿವೃತ್ತ ರೋಗನಿದಾನ ತಜ್ಞರು ಈ ಕೆಲಸವನ್ನು ಕೈಗೊಂಡು ನಾಲ್ಕು ಮನೆತನಗಳ ಗಂಡುಸಂತತಿಯಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಫೀಲ್ಡ್ ಜೆಫರ್ಸನ್ನನ ಸಂತತಿಯಿಂದ ಐವರು. ಕಾರ್ ಮನೆತನದಿಂದ ಮೂವರು. ಎಸ್ಟನ್ ಹೆಮಿಂಗ್ಸನ ಸಂತತಿಯಿಂದ ಒಬ್ಬರು. ಥಾಮಸ್ ವುಡ್ಸನ್ ಎಂಬವನ ಸಂತತಿಯಿಂದ ಐವರು. ಕೊನೆಯ ಈ ಮನೆತನದವರು ತಮ್ಮ ಮೂಲಪುರುಷನು ಸ್ಯಾಲಿಗೂ ಜೆಫರ್ಸನ್ನನಿಗೂ ಹುಟ್ಟಿದ ಮೊದಲ ಮಗನೆಂದು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದರು.

ಇಂಗ್ಲೆಂಡ್ ಮತ್ತು ಹಾಲೆಂಡಿನ ಪ್ರಯೋಗಾಲಯಗಳಲ್ಲಿ ವೈ ವರ್ಣತಂತುವಿನ 19 ಗುರುತುಗಳನ್ನು ಹೋಲಿಸಿ ನೋಡಿದ ಫಲಿತಾಂಶವು 1998ರ ನವೆಂಬರ್ 5ರಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎಸ್ಟನ್ನನ ವಂಶಜನ ಮಾದರಿ ಜೆಫರ್ಸನ್ ಮನೆತನದ ಮಾದರಿಗೆ ಪೂರ್ಣವಾಗಿ ಹೊಂದಿತು. ಜೆಫರ್ಸನ್ನರ ವೈ ವರ್ಣತಂತು ಯೂರೋಪಿನಲ್ಲಿ ಬಹು ವಿರಳವಾದ ಬಗೆಯದಾದುದರಿಂದ ಇದು ಆಕಸ್ಮಿಕವಾದ ಹೋಲಿಕೆಯೆನ್ನಲು ಬರುವಂತಿರಲಿಲ್ಲ. ಕಾರ್ ಮನೆತನದ ಮಾದರಿ ಎಸ್ಟನ್ನನ ಮಾದರಿಗೆ ಹೊಂದಲೇ ಇಲ್ಲ. ಮೊಮ್ಮಕ್ಕಳು ಮುಂದಿಟ್ಟು ಚರಿತ್ರಕಾರರು ನೆಚ್ಚಿಕೊಂಡಿದ್ದ ಸೋದರಳಿಯನ ಕಥೆ ಎಸ್ಟನ್ನನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಇದೇ ಪರೀಕ್ಷೆ ವುಡ್ಸನ್ ಮನೆತನಕ್ಕೆ ಪ್ರತಿಕೂಲವಾಗಿತ್ತು. ಅವರ ಮಾದರಿ ಜೆಫರ್ಸನ್ನರ ಮಾದರಿಗೆ ಹೊಂದಲಿಲ್ಲ. ಬಾಯಿಮಾತೆಂಬ ಕಾರಣಕ್ಕೆ ಎಲ್ಲವನ್ನೂ ತಳ್ಳುವುದು ಹೇಗೆ ತಪ್ಪೋ, ಬಾಯಿಮಾತೆಂಬ ಕಾರಣಕ್ಕೆ ಎಲ್ಲವನ್ನೂ ಒಪ್ಪುವುದೂ ಹಾಗೆಯೇ ತಪ್ಪು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಪರೀಕ್ಷೆಯ ಮಿತಿ

ರಕ್ತದ ಸಾಕ್ಷ್ಯಕ್ಕೂ ಮಿತಿಯುಂಟು. ಎಸ್ಟನ್ನನ ತಂದೆ ಜೆಫರ್ಸನ್ ಮನೆತನದ ಗಂಡಸು ಎಂಬುದನ್ನಷ್ಟೇ ಅದು ಹೇಳುತ್ತದೆ. ಅವನು ಥಾಮಸ್ಸನೇ ಎಂದು ಹೆಸರಿಸಿ ಹೇಳಲಾರದು. ಥಾಮಸ್ಸನ ತಮ್ಮ ರ‍್ಯಾಂಡಾಲ್ಫನಿಗೂ ಅವನ ಗಂಡುಮಕ್ಕಳಿಗೂ ಅದೇ ವೈ ವರ್ಣತಂತು ಇತ್ತು. 'ನೇಚರ್' ಪತ್ರಿಕೆಯ ಲೇಖನಕ್ಕೆ ಕೊಟ್ಟ ಶೀರ್ಷಿಕೆ ಆಧಾರಕ್ಕಿಂತ ಮುಂದೆ ಹೋಗಿತ್ತೆಂಬ ಆಕ್ಷೇಪ ಬಂದಾಗ ಲೇಖಕರು ಈ ಮಿತಿಯನ್ನು ಒಪ್ಪಿಕೊಂಡು ಸ್ಪಷ್ಟನೆ ಕೊಟ್ಟರು.

ಹಾಗಾದರೆ ನಿರ್ಣಯ ಹೇಗೆ? ಇಲ್ಲಿಯೇ ಮೂರು ಸಾಕ್ಷಿಗಳನ್ನೂ ಕೂಡಿಸಿ ನೋಡುವ ವಿವೇಕ ಬೇಕಾಗುತ್ತದೆ. ಮನೆತನ ಯಾವುದೆಂಬುದನ್ನು ರಕ್ತ ಹೇಳಿತು. ಆಯಾ ಕಾಲಕ್ಕೆ ಮಾಂಟಿಸೆಲೊದಲ್ಲಿ ಯಾರಿದ್ದರು, ಯಾರ ಮಕ್ಕಳಿಗೆ ಬಿಡುಗಡೆ ದೊರೆಯಿತು ಎಂಬುದನ್ನು ಕಾಗದ ಹೇಳಿತು. ಒಬ್ಬನೇ ತಂದೆಯ ಮಕ್ಕಳು ತಾವೆಂದೂ ಅವನು ಯಾರೆಂದೂ ಮ್ಯಾಡಿಸನ್ನನ ಬಾಯಿಮಾತು ಹೇಳಿತು. ರ‍್ಯಾಂಡಾಲ್ಫನ ಹೆಸರನ್ನು ಅವನ ಕಾಲದಲ್ಲಿ ಈ ಸಂಬಂಧವಾಗಿ ಯಾರೂ ಎತ್ತಿದ್ದು ಕಾಣುವುದಿಲ್ಲ. ಕಾರ್ ಸಹೋದರರ ಕಥೆ ಬಿದ್ದುಹೋದ ಮೇಲೆಯೇ ಅದು ಮುನ್ನೆಲೆಗೆ ಬಂದಿತು. ಮಾಂಟಿಸೆಲೊವನ್ನು ನೋಡಿಕೊಳ್ಳುವ ಪ್ರತಿಷ್ಠಾನ ನೇಮಿಸಿದ ಸಂಶೋಧಕರ ಸಮಿತಿಯು 2000ದ ಜನವರಿಯಲ್ಲಿ ವರದಿ ಕೊಟ್ಟು, ಎಸ್ಟನ್ನನ ತಂದೆ ಥಾಮಸ್ ಜೆಫರ್ಸನ್ನನೇ ಆಗಿರುವ ಸಂಭವ ಬಹಳ ಹೆಚ್ಚೆಂದೂ, ದಾಖಲೆಗಳಲ್ಲಿ ಕಾಣುವ ಸ್ಯಾಲಿಯ ಆರು ಮಕ್ಕಳಿಗೂ ಅವನೇ ತಂದೆಯಾಗಿರಬಹುದೆಂದೂ ಅಭಿಪ್ರಾಯಪಟ್ಟಿತು. 2001ರಲ್ಲಿ ಮತ್ತೊಂದು ವಿದ್ವಾಂಸರ ಮಂಡಳಿಯ ಬಹುತೇಕ ಸದಸ್ಯರು ಇದನ್ನು ಒಪ್ಪಲಿಲ್ಲ. ಆದರೂ ಇಂದು ಹೆಚ್ಚಿನ ಇತಿಹಾಸಕಾರರು ಮೊದಲಿನ ನಿರ್ಣಯವನ್ನೇ ಅಂಗೀಕರಿಸಿದ್ದಾರೆ. ಗಾರ್ಡನ್-ರೀಡ್ ಅವರು ಇಡೀ ಹೆಮಿಂಗ್ಸ್ ಮನೆತನವನ್ನು ಕುರಿತು 2008ರಲ್ಲಿ ಪ್ರಕಟಿಸಿದ ಬೃಹದ್‌ಗ್ರಂಥಕ್ಕೆ ಮರುವರ್ಷ ಇತಿಹಾಸ ವಿಭಾಗದ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಇನ್ನೂ ಒಂದು ಮಿತಿ ಮನುಷ್ಯರ ಮನಸ್ಸಿಗೆ ಸಂಬಂಧಿಸಿದುದು. ಮ್ಯಾಡಿಸನ್ನನ ಗಂಡುಸಂತತಿ ನಿಂತುಹೋಗಿದೆ. ಅವನ ಮಗನೊಬ್ಬನ ಸಮಾಧಿ ಕ್ಯಾನ್ಸಸ್ ಪ್ರಾಂತದ ಸೈನಿಕರ ಶ್ಮಶಾನದಲ್ಲಿದೆ. ಅದನ್ನು ಅಗೆದು ಪರೀಕ್ಷಿಸಬೇಕೆಂಬ ಸಲಹೆ ಬಂದಾಗ ಮ್ಯಾಡಿಸನ್ನನ ಸಂತತಿಯವರು ಒಪ್ಪಲಿಲ್ಲ. ಹಿರಿಯರಿಂದ ಕೇಳಿ ಬಂದುದೇ ಅವರಿಗೆ ಸಾಕಾಗಿತ್ತು. ಅದನ್ನು ಇತರರಿಗೆ ರುಜುವಾತುಪಡಿಸುವುದಕ್ಕಾಗಿ ಸತ್ತವರ ನೆಮ್ಮದಿಯನ್ನು ಕೆಡಿಸಲು ಅವರು ಸಿದ್ಧರಿರಲಿಲ್ಲ.

ನೆನಪನ್ನು ಕಳೆದುಕೊಂಡವರು

ಸ್ಯಾಲಿಯ ನಾಲ್ವರು ಮಕ್ಕಳ ಸಂತತಿಗಳ ಗತಿಯನ್ನು ಹೋಲಿಸಿ ನೋಡಿದರೆ ವಂಶಾವಳಿಯ ಇನ್ನೊಂದು ಮುಖ ಕಾಣುತ್ತದೆ. ಬೆವರ್ಲಿ ಮತ್ತು ಹ್ಯಾರಿಯೆಟ್ ತೆಳುಬಣ್ಣದವರಾಗಿದ್ದುದರಿಂದ ಬಿಳಿಯರ ಸಮಾಜದಲ್ಲಿ ಬೆರೆತುಹೋದರು. ಹ್ಯಾರಿಯೆಟ್ ವಾಷಿಂಗ್ಟನ್ನಿನಲ್ಲಿ ಬಿಳಿಯನೊಬ್ಬನನ್ನು ಮದುವೆಯಾದಳೆಂದು ಹೇಳಿದ ಮ್ಯಾಡಿಸನ್, ಆ ಗಂಡನ ಹೆಸರು ತನಗೆ ಗೊತ್ತಿದ್ದರೂ ಹೇಳಲಿಲ್ಲ. ತಂಗಿಯರ ಮಕ್ಕಳ ಹಿತಕ್ಕಾಗಿ ಅಣ್ಣನು ಮೌನವಾಗಿರುವುದು ನಮ್ಮ ಮನೆಗಳಲ್ಲಿಯೂ ಉಂಟು. ಇಲ್ಲಿ ತಮ್ಮನೇ ಅಕ್ಕನ ಗುಟ್ಟನ್ನು ಕಾಯ್ದನು. ಆ ಇಬ್ಬರ ಸಂತತಿಯವರು ಇಂದು ಎಲ್ಲಿದ್ದಾರೋ ಯಾರೂ ಅರಿಯರು.

ಎಸ್ಟನ್ 1852ರಲ್ಲಿ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋಗಿ, ಜೆಫರ್ಸನ್ ಎಂಬ ಹೆಸರನ್ನಿಟ್ಟುಕೊಂಡು, ಬಿಳಿಯನಾಗಿ ಬಾಳಿದನು. ಅವನ ಒಬ್ಬ ಮಗನು ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ಕರ್ನಲ್ ಆದನು. ಹೆಸರಿನಲ್ಲಿ ಅಧ್ಯಕ್ಷನ ವಂಶ ಉಳಿಯಿತು. ಆದರೆ ಗುಲಾಮಗಿರಿಯ ನೆನಪನ್ನು ಅಳಿಸಬೇಕಾಯಿತು. 1940ರ ದಶಕದಲ್ಲಿ ಆ ಮನೆತನದ ಹಿರಿಯರು ಮಕ್ಕಳಿಗೆ ತಾವು ಜೆಫರ್ಸನ್ನನ ಚಿಕ್ಕಪ್ಪನೋ ದೊಡ್ಡಪ್ಪನೋ ಒಬ್ಬನ ಸಂತತಿಯೆಂದು ಹೇಳತೊಡಗಿದರು. ಬ್ರೋಡಿಯವರ ಗ್ರಂಥದಲ್ಲಿ ತಮ್ಮ ಹಿರಿಯರ ಹೆಸರುಗಳನ್ನು ಕಂಡಾಗಲೇ ಅವರ ಮಕ್ಕಳಿಗೆ ನಿಜ ತಿಳಿದುದು. ಕರಿಯನೆನಿಸಿಕೊಂಡೇ ಬಾಳಿದ ಮ್ಯಾಡಿಸನ್ನನ ಮನೆಯವರಲ್ಲಿ ಮಾತ್ರ ಕಥೆ ಅವಿಚ್ಛಿನ್ನವಾಗಿ ಉಳಿಯಿತು. ಒಂದು ಶಾಖೆ ಪರೀಕ್ಷೆಗೆ ಬೇಕಾದ ರಕ್ತವನ್ನು ಕೊಟ್ಟಿತು. ಆ ರಕ್ತದ ಅರ್ಥವನ್ನು ಇನ್ನೊಂದು ಶಾಖೆ ಕಾಪಾಡಿಕೊಂಡು ಬಂದಿತ್ತು.

ಅಂಥ ಕಥೆ ಉಳಿಯದ ಕುಟುಂಬಗಳ ಪಾಡು ಬೇರೆ. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಎಣಿಸಲಾಯಿತೇ ಹೊರತು ಸಾಮಾನ್ಯವಾಗಿ ಹೆಸರನ್ನು ಬರೆಯಲಿಲ್ಲ. ಬಿಡುಗಡೆ ಹೊಂದಿದವರೆಲ್ಲರೂ ಹೆಸರಿನಿಂದ ಕಾಣುವುದು 1870ರ ಜನಗಣತಿಯಲ್ಲಿ. ಅದರ ಹಿಂದಿನ ತಲೆಮಾರುಗಳನ್ನು ಹುಡುಕುವ ಆಫ್ರಿಕನ್ ಅಮೆರಿಕನ್ ಕುಟುಂಬಗಳಿಗೆ ಅಲ್ಲೊಂದು ಗೋಡೆ ಅಡ್ಡ ಬರುತ್ತದೆ. ಅಂಥವರಿಗೆ ಡಿ.ಎನ್.ಎ. ಪರೀಕ್ಷೆಯು ಪೂರ್ವಿಕರು ಆಫ್ರಿಕದ ಯಾವ ಭಾಗದಿಂದ ಬಂದಿರಬಹುದೆಂದು ಅಂದಾಜು ಮಾಡಿ ಹೇಳೀತು. ಮುತ್ತಜ್ಜಿಯ ಹೆಸರನ್ನು ಹೇಳಲಾರದು. ಕರ್ನಾಟಕದಲ್ಲಿ ಇದಕ್ಕೆ ಹೋಲುವ ಸ್ಥಿತಿ ಸಿದ್ದಿ ಜನರದು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ನೆಲಸಿರುವ ಇವರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರು. 2011ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಸೇರಿ ಪ್ರಕಟಿಸಿದ ಅಧ್ಯಯನವು, ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳಲ್ಲಿ ಆಫ್ರಿಕದ ಬಾಂಟು ಜನರ ಅಂಶ ಪ್ರಧಾನವಾಗಿದೆಯೆಂದೂ ಅದರೊಡನೆ ಭಾರತೀಯ ಅಂಶವು ಬೆರೆತಿದೆಯೆಂದೂ ತೋರಿಸಿತು. ಕುಲದ ಮೂಲವು ಹೀಗೆ ದೃಢಪಟ್ಟಿತು. ಆದರೆ ಯಾವ ಹಡಗಿನಲ್ಲಿ, ಯಾವ ಹೆಸರಿನವರು, ಯಾರ ಕೈಹಿಡಿದು ಬಂದರು ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಲಾರದು.

ಉಪಸಂಹಾರ

ಒಬ್ಬ ವ್ಯಕ್ತಿಗೆ ಹತ್ತು ತಲೆಮಾರುಗಳ ಹಿಂದೆ ಲೆಕ್ಕಕ್ಕೆ 1,024 ಪೂರ್ವಿಕರ ಸ್ಥಾನಗಳಿವೆ. ವೈ ವರ್ಣತಂತು ಹೇಳುವುದು ಅವರಲ್ಲಿ ಒಬ್ಬನ ಸಂಗತಿಯನ್ನು, ಮೈಟೋಕಾಂಡ್ರಿಯ ಹೇಳುವುದು ಒಬ್ಬಳ ಸಂಗತಿಯನ್ನು. ಉಳಿದವರಲ್ಲಿ ಹಲವರ ಅಂಶ ದೇಹದಲ್ಲಿ ಲೇಶವೂ ಉಳಿದಿರುವುದಿಲ್ಲ. ಆದರೂ ಅವರು ಪೂರ್ವಿಕರೇ. ಆದುದರಿಂದ ಒಂದು ಪರೀಕ್ಷೆಯ ಫಲಿತಾಂಶವನ್ನು ಹಿಡಿದು ಕುಲದ ಹಿರಿಮೆಯನ್ನಾಗಲಿ ಶುದ್ಧಿಯನ್ನಾಗಲಿ ಸಾಧಿಸಹೊರಡುವುದು ವಿಜ್ಞಾನಕ್ಕೆ ಸಮ್ಮತವಲ್ಲ. ಕುಲವನ್ನು ಕೇಳುವುದು ಬೇರೆ, ಮೂಲವನ್ನು ಅರಸುವುದು ಬೇರೆ. ಮೊದಲನೆಯದು ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುತ್ತದೆ. ಎರಡನೆಯದು ಅಳಿಸಿಹೋದ ಸಂಬಂಧವನ್ನು ಮರಳಿ ಕೂಡಿಸುತ್ತದೆ.

ಸಂಬಂಧ ಸಿದ್ಧವಾದ ಮಾತ್ರಕ್ಕೆ ಬಂಧುಗಳು ಒಪ್ಪಿಕೊಳ್ಳುವರೆಂಬ ಭರವಸೆಯೂ ಇಲ್ಲ. ಮಾಂಟಿಸೆಲೊದಲ್ಲಿ ಜೆಫರ್ಸನ್ನನ ಸಮಾಧಿಯಿರುವ ಕುಟುಂಬದ ಶ್ಮಶಾನ ಅವನ ಹೆಣ್ಣುಮಕ್ಕಳ ಸಂತತಿಯವರ ಸಂಘದ ಒಡೆತನದಲ್ಲಿದೆ. ಹೆಮಿಂಗ್ಸ್ ಸಂತತಿಯವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಪ್ರಶ್ನೆ 2002ರಲ್ಲಿ ಮತಕ್ಕೆ ಬಂದಾಗ ಆ ಸಂಘ ನಿರಾಕರಿಸಿತು. ಮನೆಯನ್ನು ನೋಡಿಕೊಳ್ಳುವ ಪ್ರತಿಷ್ಠಾನವಾದರೋ 1993ರಿಂದಲೇ ಮಾಂಟಿಸೆಲೊದ ಗುಲಾಮರ ಸಂತತಿಯವರನ್ನು ದೇಶದಾದ್ಯಂತ ಹುಡುಕಿ, ಅವರ ಮನೆಗಳಲ್ಲಿ ಉಳಿದುಬಂದ ಕಥೆಗಳನ್ನು ಬರೆದಿಟ್ಟುಕೊಳ್ಳುವ ಕಾರ್ಯವನ್ನು ನಡೆಸಿಕೊಂಡು ಬಂದಿದೆ. 2018ರಲ್ಲಿ ಸ್ಯಾಲಿ ಹೆಮಿಂಗ್ಸಳ ಜೀವನವನ್ನು ಕುರಿತ ಪ್ರದರ್ಶನವನ್ನು ಅದು ಅಲ್ಲಿಯೇ ತೆರೆಯಿತು. ಜೆಫರ್ಸನ್ನನು ಅವಳ ಮಕ್ಕಳ ತಂದೆಯೆಂಬುದು ಇತ್ಯರ್ಥವಾದ ಸಂಗತಿಯೆಂದು ಸಾರಿತು.

1835ರಲ್ಲಿ ತೀರಿಕೊಂಡ ಸ್ಯಾಲಿಯ ಚಿತ್ರವಿಲ್ಲ, ಕೈಬರಹವಿಲ್ಲ, ಸಮಾಧಿ ಎಲ್ಲಿಯದೆಂಬುದೂ ತಿಳಿಯದು. ಆಕೆಯನ್ನು ಇತಿಹಾಸಕ್ಕೆ ಉಳಿಸಿಕೊಟ್ಟುದು ಮಗನೊಬ್ಬನು ಮುಪ್ಪಿನಲ್ಲಿ ಹೇಳಿದ ಮಾತು. ಆ ಮಾತನ್ನು ಜಗತ್ತು ನಂಬುವುದಕ್ಕೆ 125 ವರ್ಷಗಳೂ ಒಂದು ರಕ್ತಪರೀಕ್ಷೆಯೂ ಬೇಕಾದವು. ನಮ್ಮ ಹಳ್ಳಿಗಳಲ್ಲಿ ಹೆಳವರು ಇನ್ನೂ ಹೇಳುತ್ತಿರುವ, ಮನೆಯ ಅಜ್ಜಿಯರು ಇನ್ನೂ ನೆನಪಿಟ್ಟುಕೊಂಡಿರುವ ಹೆಸರುಗಳನ್ನು ಅವರು ಇರುವಾಗಲೇ ಬರೆದಿಟ್ಟುಕೊಳ್ಳುವುದು ವಿವೇಕ. ಪರೀಕ್ಷೆಯನ್ನು ಮುಂದೆ ಎಂದಾದರೂ ಮಾಡಬಹುದು. ಹೇಳುವವರು ಹೋದ ಮೇಲೆ ಕೇಳಲು ಸಾಧ್ಯವಿಲ್ಲ.